ಕಾಸರಕದ ಮೊಳೆ

ಅಣ್ಣನಿಗೆ ನಾನು ಸಾಕಾಗಿ ಹೋಗಿದ್ದೇನೆಯೇ? ಗ್ರಾಂಟ್ ರೋಡ್ ಸ್ಟೇಷನ್ನಿನ ಮೆಟ್ಟಿಲಿಳಿಯುವಾಗಲೂ ನಿಶಾಳ ತಲೆಯೊಳಗೆ ಸುತ್ತುತ್ತಿದ್ದುದು ಇದೊಂದೇ. ಉಡುಪಿಯಲ್ಲಿ ಬಿ.ಎಸ್ಸಿ. ಮುಗಿಸಿ, ಕೆಲಸ ಹುಡುಕುತ್ತೇನೆಂದು ಮುಂಬೈಗೆ ಬಂದು ನಾಲ್ಕು ತಿಂಗಳಾಗಿತ್ತು. ಆಂಟಾಪ್ ಹಿಲ್‌ನ ಒಂದೇ ಕೋಣೆಯಲ್ಲಿ ಇದ್ದೊಂದು ಮಂಚವನ್ನು ಅವಳಿಗೆ ಬಿಟ್ಟುಕೊಟ್ಟು ಅಣ್ಣ ಸುಹಾಸ ನೆಲದ ಮೇಲೆ ಮಲಗುತ್ತಿದ್ದ. ಒಮ್ಮೆಯೂ ಮುಖ ಗಂಟಿಕ್ಕಿದವನಲ್ಲ. ಅದೇ ಅವಳಿಗೆ ಚುಚ್ಚುತ್ತಿತ್ತು. ಬೈದಿದ್ದರೆ ಒಂದು ಲೆಕ್ಕವಾದರೂ ಸಿಗುತ್ತಿತ್ತು.

ಸುಹಾಸ ವಾರವೆಲ್ಲ ಹೋಟೆಲಿನ ಗಲ್ಲಾದಲ್ಲಿ ಕೂರುವವನು, ಭಾನುವಾರ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ಬಾರಿಸುವವನು. ಲೋಕಲ್ ರೈಲಿನ ನೂಕಾಟದಲ್ಲಿ ಅವನ ಗಿಟಾರಿನ ಕತ್ತು ಮುರಿದ ಮೇಲೆ ಭಾನುವಾರಗಳು ಖಾಲಿಯಾಗಿದ್ದವು. ಹಳೆಯದೊಂದನ್ನು ಕೊಂಡು, ತಾನೇ ರಿಪೇರಿ ಮಾಡಿ ಅವನ ಕೈಗಿಡಬೇಕು. ಆಗ ಆ ಮಂಚದ ಮೇಲೆ ಸ್ವಲ್ಪ ಹಗುರಾಗಿ ಮಲಗಬಹುದು. ಫೋನಿನಲ್ಲಿ ಕಂಡ ಜಾಹೀರಾತಿನ ಬೆನ್ನು ಹತ್ತಿ ಅವಳು ಇಲ್ಲಿಗೆ ಬಂದಿದ್ದಳು.

ಕೆಡವಲಿರುವ ಬಿಲ್ಡಿಂಗು. ಅರ್ಧ ಮನೆಗಳಿಗೆ ಬಾಗಿಲೇ ಇಲ್ಲ. ನಡುಹಗಲಿನಲ್ಲೂ ಮೆಟ್ಟಿಲ ಮೇಲೆ ಮೊಬೈಲಿನ ಬೆಳಕು ಬೇಕಾಯಿತು. ಪಾರಿವಾಳದ ಹಿಕ್ಕೆ, ಹಳೆಯ ಎಣ್ಣೆ, ಒದ್ದೆ ಬೂದಿಯ ವಾಸನೆ. ಮೂರನೇ ಮಹಡಿಯಲ್ಲಿ ಮೂಟೆಗಳ ನಡುವೆ ಕೂತಿದ್ದ, ಜಾಹೀರಾತು ಕೊಟ್ಟಿದ್ದ ಸೇವಂತಿಯಕ್ಕ ಮಂಚದ ಕೆಳಗಿನಿಂದ ಸೀರೆಯಲ್ಲಿ ಸುತ್ತಿದ ಗಿಟಾರನ್ನು ಎಳೆದರು.

ನಿಶಾಳಿಗೆ ಅಯ್ಯೋ ಅನಿಸಿತು. ಐವತ್ತು ವರ್ಷದ ಹಿಂದಿನ ಚೆಂದದ ವಾದ್ಯವನ್ನು ಯಾರೋ ಕಟುಕನ ಹಾಗೆ ಕಡಿದಿದ್ದರು. ಮೈತುಂಬ ಬಾಗಿಲಿಗೆ ಬಳಿಯುವ ಕಪ್ಪು ಪೇಂಟು. ನಡುವಿನಲ್ಲಿ ಉಳಿಯಿಂದ ಗುಂಡಿ ತೋಡಿ, ಬೇರಾವುದೋ ಮರದ ತುಂಡನ್ನು ಗಿಡಿದು, ಅದರ ಮೇಲೆ ಬೆರಳುದ್ದದ ಕಬ್ಬಿಣದ ಮೊಳೆ ಜಡಿದಿದ್ದರು. ಹಿಂದೆ ನೋಡಿದರೆ, ತಂತಿಗಳಿಂದ ಒಳಗೆ ಹೋಗುವ ಅರ್ಥ್ ವೈರನ್ನೂ ಕತ್ತರಿಸಿಟ್ಟಿದ್ದರು.

"ಇದು ಗೋಡೆಗೆ ಹಾಕ್ಲಿಕ್ಕೆ ಮಾತ್ರ," ಎಂದರು ಸೇವಂತಿಯಕ್ಕ. "ಬಾರಿಸ್ಲಿಕ್ಕಿಲ್ಲ. ಆ ಮೊಳೆ ಮುಟ್ಲಿಕ್ಕೇ ಇಲ್ಲ. ಗೊತ್ತಾಯ್ತಾ ಮಗಾ?"

"ಯಾಕಕ್ಕ?"

"ನಮ್ಮ ಯಜಮಾನ್ರು ಇದರಲ್ಲೇ ಹೋದದ್ದು. ಐತ ಮಾಸ್ಟ್ರು ಅಂದ್ರೆ ಆಗ ಇಡೀ ಗ್ರಾಂಟ್ ರೋಡಿಗೆ ಗೊತ್ತಿತ್ತು. ಅವರ ಬ್ಯಾಂಡ್ ಪಾರ್ಟಿಯವನೇ ಒಬ್ಬ ಹೊಟ್ಟೆಕಿಚ್ಚಿಗೆ ಮಾಟ ಮಾಡಿಸಿದ. ಆಮೇಲೆ ಊರಿಂದ ಒಬ್ರನ್ನು ಕರೆಸಿ ಅದನ್ನು ಕಟ್ಟಿಸಿ ಹಾಕಿದ್ದು. ಬೊರಿವಲಿಗೆ ಮಗಳ ಮನೆಗೆ ತಗೊಂಡು ಹೋಗುವ ಅಂದ್ರೆ ಅಲ್ಲಿ ಪುಳ್ಳಿಗಳುಂಟು, ಮಗಳ ಸಣ್ಣ ಮಕ್ಕಳು."

ಅಪರಿಚಿತರೆದುರು ಬಾಯೇ ಬಿಡದ ನಿಶಾಳ ನಾಲಗೆಗೆ ಅದೆಲ್ಲಿಂದಲೋ ಧೈರ್ಯ ಬಂತು. "ಭೂತಕ್ಕೆ ಬೇಸೇ ಬೇಕಿತ್ತಾ ಅಕ್ಕ? ಲೀಡ್ ಗಿಟಾರ್ ಸಿಗ್ಲಿಲ್ವಾ?"

ಸೇವಂತಿಯಕ್ಕ ನಗಲಿಲ್ಲ. "ನಗಾಡು. ನಾನೂ ನಗಾಡಿದ್ದೆ."

ಗೋಡೆಗೇ ಹಾಕುತ್ತೇನೆ ಎಂದು ನಿಶಾ ಸುಳ್ಳು ಹೇಳಿ ಗಿಟಾರನ್ನು ಎತ್ತಿಕೊಂಡಳು. ಅದು ಮಲಗಿದ ಮಗುವಿನ ಹಾಗೆ ಭಾರವಾಗಿತ್ತು.

ಸುಹಾಸ ಹೋಟೆಲಿಗೆ ಹೋದ ಮೇಲೆ ಅವಳ ಕೆಲಸ ಶುರುವಾಗುತ್ತಿತ್ತು. ಕೋಣೆಗಿದ್ದ ಒಂದೇ ಕಿಟಕಿಯ ಎದುರಿಗೆ ಪಕ್ಕದ ಬಿಲ್ಡಿಂಗಿನ ಗೋಡೆ. ಮೇ ತಿಂಗಳ ಬಿಸಿಲು ಒಳಗೆ ಬರುವಷ್ಟರಲ್ಲಿ ಬೂದು ಬಣ್ಣಕ್ಕೆ ತಿರುಗಿರುತ್ತಿತ್ತು. ಮೂರು ದಿನ ಪೇಂಟು ಕೆರೆದಳು. ಕಪ್ಪಿನಡಿಯಿಂದ ಜೇನಿನ ಬಣ್ಣದ ಮರ ಎದ್ದು ಬಂದಾಗ ಅವಳ ಕಣ್ಣು ತುಂಬಿತು. ನಾಲ್ಕನೆಯ ದಿನ ಮೊಳೆ ಜಡಿದಿದ್ದ ತುಂಡಿಗೆ ಉಳಿ ಹಚ್ಚಿದಳು.

ಪುಡಿ ಹಾರಿ ತುಟಿಗೆ ಅಂಟಿತು. ಕಹಿ. ಗಂಟಲವರೆಗೆ ಇಳಿದು ಅಲ್ಲೇ ಕೂರುವ ಕಹಿ.

ಆ ಕಹಿಯ ಗುರುತು ಅವಳಿಗಿತ್ತು. ಅಜ್ಜಿಯ ಮನೆಯ ಹಿಂದಿನ ಗುಡ್ಡದಲ್ಲಿ ಒಂದು ಕಾಸರಕದ ಮರವಿತ್ತು. ಅದರ ಬೊಡ್ಡೆಯ ತುಂಬ ತುಕ್ಕು ಹಿಡಿದ ಮೊಳೆಗಳು. ಬಿಡದೆ ಕಾಡುವುದನ್ನು ಕಾಸರಕಕ್ಕೇ ಮೊಳೆ ಹೊಡೆದು ನಿಲ್ಲಿಸುವುದು. ಅಷ್ಟು ಕಹಿಯನ್ನು ದಾಟಿ ಅದಕ್ಕೆ ಹೊರಗೆ ಬರಲಾಗುವುದಿಲ್ಲ ಎನ್ನುತ್ತಿದ್ದರು ಅಜ್ಜಿ. ಚಿಕ್ಕವಳಿದ್ದಾಗ ನಿಶಾ ಒಮ್ಮೆ ಆ ಎಲೆ ನೆಕ್ಕಿ ಬೆನ್ನಿಗೆ ಎರಡು ಪೆಟ್ಟು ತಿಂದಿದ್ದಳು.

ಕೈ ನಿಂತಿತು. ಪಕ್ಕದ ಮನೆಯಲ್ಲಿ ಕುಕ್ಕರು ಕೂಗಿತು. ಭಾನುವಾರಕ್ಕೆ ಇನ್ನು ಮೂರೇ ದಿನ. ಅವಳು ತನಗೇ ನಾಚಿಕೆಪಟ್ಟುಕೊಂಡಳು. ಫಿಸಿಕ್ಸ್ ಓದಿದವಳು, ಒಂದು ಮರದ ತುಂಡಿಗೆ ಹೆದರುವುದೆ? ಇಕ್ಕುಳ ಕಚ್ಚಿಸಿ ಎಳೆದಳು. ಮೊಳೆ ಬರಲಿಲ್ಲ. ಕಾಲು ಕೊಟ್ಟು ಎಳೆದಳು. ನೋವಿನಿಂದ ಉಸಿರೆಳೆದುಕೊಂಡಂಥ ಸದ್ದಿನೊಂದಿಗೆ ಅದು ಕಿತ್ತು ಬಂತು. ತುದಿ ಒದ್ದೆಯಾಗಿತ್ತು.

ತುಂಡಿನ ಕೆಳಗೆ ತಾಮ್ರದ ತಗಡೊಂದು, ಅದರ ಸುತ್ತ ಉದ್ದ ಕೂದಲು. ತಗಡಿನ ಮೇಲೆ ಗೀರಿದ ಅಕ್ಷರಗಳನ್ನು ಅವಳು ಓದಲು ಹೋಗಲಿಲ್ಲ. ಗಿಟಾರಿನ ಗುಂಡಿಗೆ ತಾಮ್ರದ ಹಾಳೆ ಹೊದಿಸಿದರೆ ಕರೆಂಟಿನ ಗುಂಯ್ ಶಬ್ದ ಕಡಿಮೆಯಾಗುತ್ತದೆ. ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಅದನ್ನೇ ಹುಡುಕಿ ಅಲೆದಿದ್ದಳು. ಇಲ್ಲಿ ಸಿಕ್ಕಿಯೇಬಿಟ್ಟಿತಲ್ಲ ಎಂದು ನಕ್ಕು, ಕೂದಲು ಬಿಚ್ಚಿ, ತಗಡನ್ನು ಬಡಿದು ಚಪ್ಪಟೆ ಮಾಡಿ ಗುಂಡಿಯೊಳಗೆ ಕೂರಿಸಿದಳು. ಕತ್ತರಿಸಿದ್ದ ವೈರಿನ ಒಂದು ತುದಿಯನ್ನು ಅದಕ್ಕೆ, ಇನ್ನೊಂದನ್ನು ತಂತಿಗಳ ಬುಡಕ್ಕೆ ಬೆಸೆದಳು. ಈಗ ತಂತಿ ಮುಟ್ಟಿದವರು ತಗಡನ್ನೂ ಮುಟ್ಟಿದಂತೆ. ಸೋಲ್ಡರಿನ ಹೊಗೆಯಲ್ಲಿ ಸುಟ್ಟ ಕೂದಲಿನ ವಾಸನೆಯಿತ್ತು. ಎಲ್ಲೋ ಒಂದೆಳೆ ಉಳಿದಿರಬೇಕು ಎಂದುಕೊಂಡಳು.

ಭಾನುವಾರ ಬೆಳಿಗ್ಗೆ ಸುಹಾಸ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. "ಎಂಥ ಮಾರಾಯ್ತಿ ಇದು! ನೀನೇ ಮಾಡಿದ್ದಾ? ಸಚ್ಚೀ?" ಅವಳ ತಲೆಯ ಮೇಲೆ ಮೊಟಕಿದ. "ಯಾರದ್ದು ಇದು? ಏನಾದ್ರೂ ಹೇಳಿದ್ರಾ?"

"ಇಲ್ಲ," ಎಂದಳು ನಿಶಾ. "ಏನೂ ಹೇಳ್ಲಿಲ್ಲ."

ಅವನು ಬಾರಿಸಿದ. ಪಾತ್ರೆಯ ಸ್ಟ್ಯಾಂಡಿನಲ್ಲಿದ್ದ ಸ್ಟೀಲಿನ ಲೋಟಗಳು ಒಂದೊಂದಾಗಿ ಝೇಂಕರಿಸಿದವು. ಎದೆಯ ಗೂಡಿಗೇ ಕೈ ಹಾಕಿದಂಥ ತಗ್ಗಿನ ನಾದ. ಬಾರಿಸಿ ಕೈ ತೆಗೆದಾಗ ಗುಂಯ್ ಎನ್ನುವ ಸಣ್ಣ ಶಬ್ದವೊಂದು ಉಳಿಯಿತು. ತಂತಿ ಮುಟ್ಟಿದರೆ ನಿಲ್ಲುತ್ತಿತ್ತು. ಬಿಟ್ಟರೆ ಮತ್ತೆ. ಹಳೆಯ ಗಿಟಾರುಗಳಲ್ಲಿ ಇದು ಇದ್ದದ್ದೇ ಎಂದಳು ನಿಶಾ. ಆಂಪ್ಲಿಫೈಯರಿನ ವೈರು ಕಿತ್ತಳು.

ಗುಂಯ್ ನಿಲ್ಲಲಿಲ್ಲ.

ಸ್ವಿಚ್ಚು ಆರಿಸಿದಳು. ನಿಲ್ಲಲಿಲ್ಲ. ಸುಹಾಸ ನಗುತ್ತ ತಂತಿಯ ಮೇಲೆ ಬೆರಳಿಟ್ಟ. ನಿಂತಿತು.

ಅಂದಿನಿಂದ ಅವನು ತಂತಿಯಿಂದ ಬೆರಳು ತೆಗೆಯಲಿಲ್ಲ, ಬಾರಿಸುತ್ತಲೇ ಇದ್ದ. ಮೊದಲು ಊಟದ ಹೊತ್ತಿಗಾದರೂ ಬಿಡುತ್ತಿದ್ದ. ಎರಡು ತುತ್ತು ತಿನ್ನುವಷ್ಟರಲ್ಲಿ ಕಿವಿ ಮುಚ್ಚಿಕೊಂಡು ಓಡುತ್ತಿದ್ದ. ಆಮೇಲೆ ಊಟವೂ ಇಲ್ಲ. ಹೋಟೆಲಿನಿಂದ ಫೋನು ಬಂದು ಬಂದು ನಿಂತಿತು. ಡಾಕ್ಟರು ಬಿ.ಪಿ. ನೋಡಿ ಟೆನ್ಶನ್ ಎಂದರು. ಬೆರಳ ತುದಿಯ ಚರ್ಮ ಸುಲಿಯಿತು. ನಿಶಾ ಒಂದು ಮಧ್ಯಾಹ್ನ ಕಟ್ಟರಿನಿಂದ ನಾಲ್ಕೂ ತಂತಿ ಕತ್ತರಿಸಿದಳು. ಅವನ ಬೆರಳುಗಳು ಬರಿಯ ನೆಲದ ಮೇಲೆ ಅದೇ ತಾಳದಲ್ಲಿ ಮುಂದುವರಿದವು. ಆ ಗುಂಯ್ ಈಗ ಅವನ ಗಂಟಲೊಳಗಿತ್ತು. ತಗಡು ಕೀಳಹೋದಳು, ಅದು ಮರದೊಂದಿಗೆ ಮಾಂಸದಂತೆ ಕೂಡಿಕೊಂಡಿತ್ತು. ಕಾಸರಕದ ತುಂಡನ್ನು ಅದರ ಮೇಲೆ ಒತ್ತಿಟ್ಟು ಮೊಳೆ ಹೊಡೆದಳು. ಮೊಳೆ ಮೇಣದಂತೆ ಬಾಗಿತು.

ಪಕ್ಕದ ಮನೆಯ ಶರಣವ್ವ ಬಾಗಿಲಿಗೆ ಬಂದರು. ವಿಜಯಪುರದ ಕಡೆಯವರು; ಅವರ ಪಿಸುಮಾತು ಎರಡು ಮಹಡಿಗೆ ಕೇಳುತ್ತದೆ. "ಏನವ್ವಾ ತಂಗಿ, ನಿಮ್ಮಣ್ಣ ಹಗಲೆಲ್ಲಾ ಬೀಸೂಕಲ್ಲಿನಂಗ ಗುಂಯ್ಯ ಅಂತಾನಲ್ಲ, ಏನಾಗೇತಿ?" ಒಳಗಿಣುಕಿದವರೇ ಸೆರಗು ಬಾಯಿಗೊತ್ತಿಕೊಂಡರು. "ಯವ್ವಾ! ಇದು ಡಾಕ್ಟರ್ ಕೆಲಸಲ್ಲವ್ವಾ. ಆ ಗಿಟಾರ್ ಡಬ್ಬಿ ಎಲ್ಲಿಂದ ತಂದಿ, ಮೊದಲ ಅಲ್ಲಿ ಹೋಗಿ ಕೇಳು. ನಾ ಇಲ್ಲೇ ಕುಂದರತೀನಿ, ಹೋಗು."

ಜಾಹೀರಾತಿನ ನಂಬರಿಗೆ ಫೋನು ಮಾಡಿ ವಿಳಾಸ ಹಿಡಿದು ಹೋದಾಗ, ಬೊರಿವಲಿಯ ಮಗಳ ಮನೆಯಲ್ಲಿ ಸೇವಂತಿಯಕ್ಕ ಮೊಮ್ಮಗುವಿಗೆ ದೋಸೆ ಮುರಿದು ತಿನ್ನಿಸುತ್ತಿದ್ದರು. ನಿಶಾಳನ್ನು ನೋಡಿದ್ದೇ ಮಗುವನ್ನು ಒಳಗೆ ಕಳಿಸಿ ಬಾಗಿಲೆಳೆದರು.

"ಕಿತ್ತೆ ಅಲ್ವಾ."

ನಿಶಾ ತಲೆ ತಗ್ಗಿಸಿದಳು.

"ಯಾರನ್ನು ಹಿಡಿದದ್ದು?"

"ಅಣ್ಣನನ್ನು."

"ಮತ್ತೆ ಮೊಳೆ ಹೊಡೆದ್ರೆ ಹಿಡಿಯುದಿಲ್ಲ. ಅದು ಬಂದಾಯ್ತು." ಸೇವಂತಿಯಕ್ಕ ಗೋಡೆ ನೋಡುತ್ತ ಹೇಳಿದರು. "ಯಾರು ಬಿಟ್ಟದ್ದು ಅಂತ ಅದಕ್ಕೆ ಗೊತ್ತಿಲ್ಲ ಮಗಾ. ಅದು ಕುರುಡು. ಬಾರಿಸಿ ಎಬ್ಬಿಸಿದವರನ್ನು ಹಿಡಿಯುದು. ಬಿಟ್ಟವರು ಬಾಯಿ ಬಿಟ್ಟು, ಅದಕ್ಕೆ ಸಿಕ್ಕಿದವರ ಎದುರು ನಿಂತು, ನಾನೇ ಬಿಟ್ಟದ್ದು ಅಂತ ಹೇಳಿದ್ರೆ ಮಾತ್ರ ಅದು ಆ ಸಿಕ್ಕಿದವರನ್ನು ಬಿಡ್ತದೆ."

"ಬಿಟ್ಟು?"

ಒಳಗೆ ಮಗು ಅಜ್ಜಿಯನ್ನು ಕೂಗಿತು.

"ಬಿಟ್ಟು ಎಲ್ಲಿಗೆ ಹೋಗ್ತದೆ ಅಕ್ಕ?"

"ಆಯುಧ ಪೂಜೆಯ ಹಿಂದಿನ ದಿನ ಯಜಮಾನ್ರ ಗಿಟಾರು ಒರೆಸ್ಲಿಕ್ಕೆ ತೆಗೆದದ್ದು ನಾನು. ಒಳಗೆ ಒಂದು ಗಂಟು ಇತ್ತು. ಮುಟ್ಬೇಡ ಅಂತ ಅತ್ತೆ ಹೇಳಿದ್ರು. ನಗಾಡಿ ಬಿಚ್ಚಿದ್ದು ನಾನು." ಅವರು ಕೈಗಂಟಿದ ದೋಸೆಯ ಚೂರನ್ನು ಸೆರಗಿಗೆ ಒರೆಸಿದರು. "ಹತ್ತೊಂಬತ್ತು ದಿವಸ ಅವರು ನನ್ನ ಎದುರೇ ಸವೆದ್ರು. ಹೇಗೆ ಬಿಡಿಸುದು ಅಂತ ನನಗೂ ಹೇಳಿದ್ರು. ನಾನು ಬಾಯಿ ಬಿಡ್ಲಿಲ್ಲ. ಅದಕ್ಕೇ ನೋಡು, ಇವತ್ತು ದೋಸೆ ತಿನ್ನಿಸ್ತಾ ಕೂತಿದ್ದೇನೆ."

ಬಾಗಿಲು ಮುಚ್ಚಿಕೊಂಡಿತು.

ಹಿಂದಿರುಗುವ ಲೋಕಲ್‌ನಲ್ಲಿ ಕಿಟಕಿಯ ಸರಳು ಹಿಡಿದು ನಿಶಾ ಎಣಿಸಿದಳು. ಇವತ್ತಿಗೆ ಹದಿನೆಂಟು. ಎದುರಿನ ಹೆಂಗಸೊಬ್ಬಳು ಮಲ್ಲಿಗೆ ಕಟ್ಟುತ್ತಿದ್ದಳು. ಬದುಕಿರುವುದೆಂದರೆ ಇಷ್ಟೇ, ಇಂಥದ್ದೇ. ತಾನೂ ಮುದುಕಿಯಾಗಬಹುದು. ಯಾರಿಗೋ ದೋಸೆ ತಿನ್ನಿಸಬಹುದು. ಇಲ್ಲೇ ಇಳಿದು ಊರಿನ ರೈಲು ಹತ್ತಿದರೆ ನಾಳೆ ಬೆಳಿಗ್ಗೆ ಅಮ್ಮನ ಬಳಿ. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಅವಳು ಇಳಿಯಬೇಕೆಂದೇ ಎದ್ದಳು. ಸ್ಟೇಷನ್ನು ಬಂತು, ಹೋಯಿತು. ಬಾಗಿಲ ಬಳಿ ನಿಂತೇ ಇದ್ದಳು.

ಮಧ್ಯಾಹ್ನ ಮೂರು ಗಂಟೆ. ಬಿಲ್ಡಿಂಗಿನ ಮೆಟ್ಟಿಲಲ್ಲೇ ಅವಳ ಹಲ್ಲುಗಳಿಗೆ ಆ ಶಬ್ದ ತಾಗಿತು. ಮೆಟ್ಟಿಲ ಕಂಬಿ ಕಂಪಿಸುತ್ತಿತ್ತು. ಶರಣವ್ವ ಹೊಸ್ತಿಲಾಚೆ ಕೂತು ಕಣ್ಣು ಮುಚ್ಚಿ ಏನೋ ಹೇಳಿಕೊಳ್ಳುತ್ತಿದ್ದರು. ಒಳಗೆ ಕರೆಂಟು ಹೋಗಿತ್ತು. ಬೂದು ಕತ್ತಲೆ. ಸುಟ್ಟ ಕೂದಲು. ರಕ್ತ. ಕಾಸರಕದ ಕಹಿ ಗಾಳಿಯಲ್ಲೇ ಇತ್ತು. ಉಸಿರೆಳೆದರೆ ನಾಲಗೆಗೆ ತಾಗುತ್ತಿತ್ತು.

ಗೋಡೆಗೊರಗಿದ್ದ ಸುಹಾಸ. ಸುಹಾಸನಷ್ಟೇ ಉದ್ದದ ಎಲುಬು. ಬಾಯಿ ಅರ್ಧ ತೆರೆದಿತ್ತು. ತುಟಿ ಅಲುಗದೆ ಗಂಟಲು ಗುಂಯ್ಗುಡುತ್ತಿತ್ತು. ಬೆರಳುಗಳು ನೆಲವನ್ನು ಮೀಟುತ್ತಿದ್ದವು. ನೆಲ ಕೆಂಪಾಗಿತ್ತು. ಲೋಟಗಳು ನಡುಗುತ್ತಿದ್ದವು. ಕಿಟಕಿಯ ಗಾಜು. ಮಂಚದ ಕಾಲು. ಅವಳ ಪಕ್ಕೆಲುಬು.

"ಅಣ್ಣ."

ಬಾಗಿಲು ಹಿಂದೆಯೇ ಇತ್ತು. ತೆರೆದೇ ಇತ್ತು. ಒಂದೆರಡು ಹೆಜ್ಜೆ, ಅಷ್ಟೇ. ಕಾಲು ಹಿಂದಕ್ಕೆ ಸರಿಯಿತು. ಒಂದು ಹೆಜ್ಜೆ. ಇನ್ನೊಂದು.

ಸುಹಾಸ ಕಣ್ಣೆತ್ತಿದ. ಗುಂಯ್ಯಿನ ನಡುವಿನ ಒಂದು ಬಿರುಕಿನಿಂದ, ಬಾವಿಯ ತಳದಿಂದೆಂಬಂತೆ, ಅವನದೇ ದನಿ ಬಂತು.

"ನಿಶಾ... ಊಟ ಆಯ್ತಾ?"

ಅವಳು ನಿಂತಳು. ಒಳಗೆ ಬಂದಳು. ಅವನೆದುರು ಮಂಡಿಯೂರಿದಳು. ನೆಲದ ಬಿಸಿ ರಕ್ತ ಪಾಕದಂತೆ ಮಂಡಿಗೆ ಅಂಟಿತು.

"ಆ ಮೊಳೆ ಕಿತ್ತದ್ದು," ಎಂದಳು.

ಬೆರಳುಗಳು ನಿಂತವು. ಲೋಟಗಳು ನಿಂತವು. ಗಂಟಲು ನಿಂತಿತು. ಹದಿನೆಂಟು ದಿನಗಳಲ್ಲಿ ಮೊದಲ ಬಾರಿಗೆ ಕೋಣೆಯಲ್ಲಿ ಸದ್ದಿರಲಿಲ್ಲ. ಸುಹಾಸನ ತಲೆ ಎದೆಯ ಮೇಲೆ ಬಿತ್ತು. ಅವನ ಹಿಂದಿನ ಗೋಡೆಯಿಂದ, ಅವನಿಗಿಂತ ಎತ್ತರದಿಂದ, ಏನೋ ಅವಳ ಕಡೆಗೆ ಕಿವಿ ಬಾಗಿಸಿತು. ಕಾಯಿತು. ಕುರುಡರು ಮುಖ ಸವರುವ ಹಾಗೆ ತಣ್ಣಗಿನದೊಂದು ಅವಳ ಹಣೆ ಮುಟ್ಟಿತು. ಮೂಗು ಮುಟ್ಟಿತು. ತುಟಿಯ ಮೇಲೆ ಬಂದು ನಿಂತಿತು.

"ನಾನು," ಎಂದಳು ನಿಶಾ, ಹೊರಗಿನ ಶರಣವ್ವನಿಗೂ ಕೇಳಿಸುವಷ್ಟು ಗಟ್ಟಿಯಾಗಿ. "ಗೊತ್ತಿದ್ದೇ ಕಿತ್ತೆ."