ಮಾರೆನ್‌ಳನ್ನು ಯಾರು ಕೇಳಿದರು?

"ಕಟ್!"

ಮಲ್ತೆ ಕೂಗಿದ ಕೂಡಲೇ ಮಾರೆನ್ ಮೀಸೆಯನ್ನು ಕೈಯಿಂದ ಒತ್ತಿ ಹಿಡಿದುಕೊಂಡಳು. ಗಾಳಿ ಸಮುದ್ರದ ಕಡೆಯಿಂದ ಬೀಸುತ್ತಿತ್ತು. ಉಣ್ಣೆಯ ಮೀಸೆ ಮತ್ತೆ ಒಂದು ಕಡೆ ಕಿತ್ತುಕೊಂಡು ಬಂದಿತ್ತು.

"ಪೊಲೀಸ್ ಚೀಫ್ ಮೀಸೆನೇ ಹಾರಿಹೋದ್ರೆ ಕಳ್ಳ ಹೆದರ್ತಾನೇನೇ?" ಎಂದು ಮಲ್ತೆ ಛೇಡಿಸಿದ. ಅವನ ಕೈಯಲ್ಲಿ ಶಾಲೆಯ ಟ್ಯಾಬ್ ಇತ್ತು. ಈ ಸಿನಿಮಾಕ್ಕೆ ಅವನೇ ಕ್ಯಾಮೆರಾಮನ್.

"ನೀನು ಮೊದ್ಲು ಸರಿಯಾಗಿ ಹಿಡಿ. ಹೋದ ಸಲ ಬರೀ ನನ್ನ ಬೂಟು ಬಂದಿತ್ತು."

"ಬೇಗ ಮುಗಿಸ್ರೋ, ಕಾಲು ಮರಗಟ್ಟಿಹೋಯ್ತು," ಎಂದು ಸೈಕಲ್ಲುಗಳ ಹಿಂದೆ ಅಡಗಿ ಕೂತಿದ್ದ ಸಿಲ್ಲೆ ಗೊಣಗಿದಳು. ಅವಳೇ ಕಳ್ಳಿ. ಬಂದರಿನ ಗಂಟೆಯನ್ನು ಕದ್ದವಳು. ಗಂಟೆ ಎಂದರೆ ಅವಳ ಅಜ್ಜಿಯ ಸೂಪಿನ ಪಾತ್ರೆ.

ಕತೆ ಬರೆದದ್ದು ಮಾರೆನ್. ಐದನೇ ತರಗತಿಯ ಎಲ್ಲ ಗುಂಪುಗಳ ಸಿನಿಮಾಗಳನ್ನೂ ತಿಂಗಳ ಕೊನೆಗೆ ಊರಿನ ಥಿಯೇಟರಿನಲ್ಲಿ, ದೊಡ್ಡ ಪರದೆಯ ಮೇಲೆ ತೋರಿಸುವವರಿದ್ದರು. ಮಾರೆನ್ ಕಣ್ಣು ಮುಚ್ಚಿದರೆ ಸಾಕು, ಆ ಪರದೆ ಕಾಣುತ್ತಿತ್ತು.

ಅಷ್ಟರಲ್ಲಿ ಹೆನ್ನಿಂಗ್ ಶಾಲೆಯ ಅಂಗಳ ದಾಟಿ ಬಂದ. ಹೆನ್ನಿಂಗ್ ಅವರ ಕ್ಲಾಸ್ ಮೇಷ್ಟ್ರು. ಆದರೆ ಅವನನ್ನು ಯಾರೂ ಮೇಷ್ಟ್ರೇ ಎನ್ನುತ್ತಿರಲಿಲ್ಲ, ಎಲ್ಲರಿಗೂ ಅವನು ಬರೀ ಹೆನ್ನಿಂಗ್.

"ಮಾರೆನ್, ಸ್ವಲ್ಪ ಬಾ ಇಲ್ಲಿ," ಎಂದ. ಆಮೇಲೆ ಎಲ್ಲರಿಗೂ ಕೇಳುವಂತೆಯೇ ಹೇಳಿಬಿಟ್ಟ, "ನಿನ್ನ ಟ್ಯಾಬ್ ಅಕೌಂಟಿಗೆ ನಿಮ್ಮಪ್ಪ ಒಪ್ಪಿಗೆ ಕೊಟ್ಟಿಲ್ಲ ಕಣೆ. ನಂಗೆ ಇವತ್ತೇ ಗೊತ್ತಾಗಿದ್ದು. ಒಪ್ಪಿಗೆ ಇಲ್ದೆ ನಿನ್ನ ಮುಖ ಈ ಟ್ಯಾಬಲ್ಲಿ ಬರೋ ಹಾಗಿಲ್ಲ."

"ಅಂದ್ರೆ?"

"ಶುಕ್ರವಾರದೊಳಗೆ ಅಪ್ಪ ಹೌದು ಅಂದ್ರೆ ಏನೂ ತೊಂದ್ರೆ ಇಲ್ಲ. ಇಲ್ಲಾಂದ್ರೆ... ಚೀಫ್ ಪಾರ್ಟು ಬೇರೆ ಯಾರಾದ್ರೂ ಮಾಡ್ಬೇಕಾಗುತ್ತೆ. ನೀನು ಕತೆ ಬರೆದಿದ್ದೀಯಲ್ಲ, ಅದು ನಿಂದೇ."

ಮಲ್ತೆ ತಲೆ ಚಚ್ಚಿಕೊಂಡ. "ಮತ್ತೆ ಮಾರೆನ್ ಅಪ್ಪ! ಅವ್ನು ಟೋಸ್ಟರ್ ಜೊತೆಗೂ ಜಗಳ ಆಡ್ತಾನಂತೆ."

"ಆಡಲ್ಲ," ಎಂದಳು ಮಾರೆನ್. ಆದರೆ ಅಪ್ಪ ಕಳೆದ ವಾರವಷ್ಟೇ ಬಟ್ಟೆ ಒಗೆಯುವ ಮೆಷಿನ್ನಿನ ಜೊತೆ ಜಗಳವಾಡಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ವೈಫೈ ಪಾಸ್‌ವರ್ಡ್ ಕೇಳಿತೆಂದು.

ಅವಳು ಮೀಸೆ ಕಿತ್ತು ಜೇಬಿಗೆ ತುರುಕಿ ಸೈಕಲ್ ಹತ್ತಿದಳು.

* * *

ಮನೆಯಲ್ಲಿ ಅಪ್ಪ ಆಲೂಗಡ್ಡೆ ಬೇಯಿಸುತ್ತಿದ್ದ. ಅಪ್ಪನ ಹೆಸರು ಯೆಸ್ಪರ್. ಹಗಲು ಗ್ರಂಥಾಲಯದಲ್ಲಿ ಕೆಲಸ, ಮಿಕ್ಕ ಹೊತ್ತೆಲ್ಲ ನೆಲಮಾಳಿಗೆಯಲ್ಲಿ. ಊರಿನ ಜನ ಎಸೆದ ಕಂಪ್ಯೂಟರುಗಳು ಅಲ್ಲಿ ಸಾಲಾಗಿ ಕೂತಿದ್ದವು. "ಕಂಪನಿಗೆ ಸಾಕಾಯ್ತು ಅಂದ್ರೆ ಕಂಪ್ಯೂಟರ್ ಸತ್ತಿದೆ ಅಂತಲ್ಲ," ಎಂದು ಅಪ್ಪ ಒಂದೊಂದನ್ನೇ ಬಿಚ್ಚಿ, ಯಾರು ಬೇಕಾದರೂ ಹಂಚಿಕೊಳ್ಳಬಹುದಾದ ಸಾಫ್ಟ್‌ವೇರ್ ಹಾಕಿ, ಕೇಳಿದವರಿಗೆ ಕೊಟ್ಟುಬಿಡುತ್ತಿದ್ದ.

"ಅಪ್ಪಾ, ಒಂದೇ ಒಂದು ಬಟನ್. ಒತ್ತಿಬಿಡು. ಪ್ಲೀಸ್."

ಅಪ್ಪನಿಗೆ ಯಾವ ಬಟನ್ ಎಂದು ಕೇಳಬೇಕಾಗಲಿಲ್ಲ.

"ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳು. ಆ ಟ್ಯಾಬಲ್ಲಿ ನೀವು ಏನು ತೆಗೆದ್ರೂ ನೇರ ಸಮುದ್ರದಾಚೆ ಹೋಗಿ ಆ ಪುಣ್ಯಾತ್ಮರ ಕಂಪ್ಯೂಟರಲ್ಲಿ ಕೂತ್ಕೊಳ್ಳುತ್ತೆ." ಅಪ್ಪ ಟ್ಯಾಬ್ ಕೊಟ್ಟ ಕಂಪನಿಯ ಹೆಸರನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಅವನ ಪಾಲಿಗೆ ಅವರು ಯಾವಾಗಲೂ 'ಆ ಪುಣ್ಯಾತ್ಮರು'. "ನಿನ್ನ ಮುಖ, ನಿನ್ನ ದನಿ, ಎಲ್ಲಾ. ಅದನ್ನ ತೋರಿಸಿ ಅವರು ತಮ್ಮ ಮೆಷಿನ್ನಿಗೆ ಪಾಠ ಹೇಳ್ಕೊಡ್ತಾರೆ. ಟ್ಯಾಬ್ ಪುಕ್ಕಟೆ ಅಂದ ತಕ್ಷಣ ನಮ್ಮ ಊರಾಡಳಿತದವರು ಕುಣಿದುಬಿಟ್ರು."

"ಎಲ್ಲರ ಅಪ್ಪ ಅಮ್ಮನೂ ಹೌದು ಅಂದಿದ್ದಾರೆ."

"ಓದಿದ್ದಾರಾ? ಊರಾಡಳಿತ ಕಳಿಸಿದ್ದು ಅಂದಮೇಲೆ ಓದೋದೇನಿದೆ ಅಂತ ಒತ್ತಿರ್ತಾರೆ. ಇಲ್ಲಿನ ಜನಕ್ಕೆ ಎಲ್ಲರ ಮೇಲೂ ನಂಬಿಕೆ. ಒಳ್ಳೇದೇ. ಆದ್ರೆ ನೋಡು, ಊರಾಡಳಿತದವರು ತಪ್ಪು ಮಾಡಿದ್ರೆ ಮುಂದಿನ ಓಟಲ್ಲಿ ಮನೆಗೆ ಕಳಿಸ್ತೀವಿ. ಆ ಪುಣ್ಯಾತ್ಮರನ್ನ ಯಾವ ಓಟಲ್ಲಿ ಕಳಿಸೋದು? ನಾಳೆ ಅವರು..."

"ಅಪ್ಪಾ, ನೀರು ಉಕ್ತಿದೆ."

ಅಪ್ಪ ಒಲೆ ಆರಿಸಿದ. ಆಲೂಗಡ್ಡೆ ಬಸಿದ. ಮಾತು ಮಾತ್ರ ನಿಲ್ಲಲಿಲ್ಲ. ಕೊನೆಗೆ ಬಟ್ಟೆ ಒಣಗಿದೆಯೇ ನೋಡಿ ಬರುತ್ತೇನೆಂದು ನೆಲಮಾಳಿಗೆಗೆ ಇಳಿದ. ಮೆಟ್ಟಿಲ ಮೇಲೂ ಅವನ ದನಿ ಕೇಳುತ್ತಿತ್ತು.

ಅವನ ಫೋನು ಮೇಜಿನ ಮೇಲಿತ್ತು. ತೆರೆದೇ ಇತ್ತು. ಅಡುಗೆಯ ವಿಧಾನ ನೋಡುತ್ತಿದ್ದನೇನೋ.

ಶಾಲೆಯ ಪುಟ ಎಲ್ಲಿದೆಯೆಂದು ಮಾರೆನ್‌ಗೆ ಗೊತ್ತಿತ್ತು. ಪುಟ ತೆರೆಯಿತು. ಮೇಲೆ ಅವಳದೇ ಫೋಟೊ, ಒಂದನೇ ತರಗತಿಯದ್ದು, ಮುಂದಿನ ಹಲ್ಲು ಬಿದ್ದಿದ್ದು. ಪಕ್ಕದಲ್ಲಿ ಹೆಸರು, ಹುಟ್ಟಿದ ದಿನ. ಕೆಳಗೆ ಒಂದು ಹಸಿರು ಬಟನ್, ಒಂದು ಬೂದು ಬಟನ್. 'ಇಲ್ಲ' ಎನ್ನುವ ಬೂದು ಬಟನ್ನಿಗೆ ಸರಿ ಗುರುತು ಬಿದ್ದಿತ್ತು.

ಹೆಬ್ಬೆರಳು ಹಸಿರಿನ ಮೇಲೆ ಹೋಯಿತು. ಒತ್ತಿದರೆ ಮುಗಿಯಿತು. ಮೀಸೆ, ದೊಡ್ಡ ಪರದೆ, ಎಲ್ಲವೂ ಮರಳಿ ಬರುತ್ತದೆ.

ಆದರೆ ಅವಳ ಕಣ್ಣು ಫೋಟೊದ ಮೇಲೆಯೇ ನಿಂತಿತು. ಬಂದರಿನ ಅಂಗಡಿಯಲ್ಲಿ ಮೀನನ್ನು ತಕ್ಕಡಿಯ ಮೇಲೆ ಇಟ್ಟಿರುತ್ತಾರಲ್ಲ, ಹಾಗೆ ಕಂಡಿತು ಆ ಮುಖ. ಇತ್ತ ಕಡೆಯವರು ಕೊಡಬೇಕು, ಅತ್ತ ಕಡೆಯವರು ಒಯ್ಯಬೇಕು. ಮೀನು ಸುಮ್ಮನೆ ಮಲಗಿರಬೇಕು.

ಅವಳಿಗೆ ಇದ್ದಕ್ಕಿದ್ದಂತೆ ಸಿಟ್ಟು ಬಂತು. ಕಂಪನಿಯ ಮೇಲೆ ಅಷ್ಟೇ ಅಲ್ಲ.

ಅಪ್ಪ ಬಟ್ಟೆಯ ಬುಟ್ಟಿ ಹೊತ್ತು ಬಂದಾಗ ಮಾರೆನ್ ಫೋನನ್ನು ಅವನ ಕಡೆ ತಿರುಗಿಸಿ ಹಿಡಿದಿದ್ದಳು.

"ಇದನ್ನ ಯಾವಾಗ ಒತ್ತಿದೆ?"

"ಯಾವುದು? ಓ... ಬೇಸಿಗೆ ರಜೆ ಮುಗಿದ ಮೇಲೆ ಅನ್ಸುತ್ತೆ. ನೋಡಿದ ತಕ್ಷಣ ಒತ್ತಿದೆ."

"ನನ್ನ ಕೇಳಿದ್ಯಾ?"

ಅಪ್ಪ ಬುಟ್ಟಿಯನ್ನು ಕೆಳಗಿಟ್ಟ. "ಮಾರೆನ್, ಅದು ನಿನ್ನ ಒಳ್ಳೇದಕ್ಕೇ..."

"ಅವರೂ ಹಾಗೇ ಬರೆದಿದ್ದಾರೆ. ಇಲ್ಲೇ ಇದೆ ನೋಡು, 'ನಿಮ್ಮ ಮಗುವಿನ ಒಳಿತಿಗಾಗಿ'. ಅವರು ಹೌದು ಒತ್ತಿ ಅಂದ್ರು. ನೀನು ಇಲ್ಲ ಒತ್ತಿದೆ. ಮುಖ ಯಾರ್ದು? ನಂದು! ನನ್ನ ಯಾರು ಕೇಳಿದ್ರು?"

ಅಪ್ಪ ಫೋನು ತೆಗೆದುಕೊಂಡು ಆ ಸಾಲನ್ನು ಓದಿದ. ಕುರ್ಚಿ ಎಳೆದು ಕೂತ.

"ಕೇಳ್ಲಿಲ್ಲ," ಎಂದ. "ತಪ್ಪಾಯ್ತು. ಈಗ ಕೇಳ್ತೀನಿ. ನಿನಗೆ ಏನು ಬೇಕು? ಹೌದು ಅಂದ್ರೆ... ಹೌದು ಒತ್ತೋಣ." ಆ ಕೊನೆಯ ಮಾತು ಹೇಳುವಾಗ ಬಿಸಿ ಆಲೂಗಡ್ಡೆ ನುಂಗಿದವನಂತೆ ಅವನ ಮುಖ ಕಿವುಚಿಕೊಂಡಿತು.

ಮಾರೆನ್ ಯೋಚಿಸಿದಳು. ಇಬ್ಬರೂ ಊಟ ಮುಗಿಸುವ ತನಕ ಯೋಚಿಸಿದಳು.

"ನಂಗೆ ಸಿನಿಮಾ ಬೇಕು," ಎಂದಳು. "ಆದ್ರೆ ಅವರಿಗೆ ನನ್ನ ಮುಖ ಕೊಡಲ್ಲ. ಎರಡೂ ಆಗ್ಬೇಕು. ನಿನ್ನ ಹಳೇ ಕಂಪ್ಯೂಟರಲ್ಲಿ ಸಿನಿಮಾ ಎಡಿಟ್ ಮಾಡಕ್ಕಾಗುತ್ತಾ?"

ಅಪ್ಪನ ಮುಖ ಅರಳಿತು. "ಆಗದೇ ಏನು! ನಿಧಾನ, ಆದ್ರೆ ಆಗುತ್ತೆ. ಮೆಮೊರಿ ಕಾರ್ಡ್ ಹಾಕೋ ಕ್ಯಾಮೆರಾನೂ ಇದೆ. ನಾನು ಶುಕ್ರವಾರ ನಿಮ್ಮ ಕ್ಲಾಸಿಗೆ ಬರ್ತೀನಿ. ಸ್ಲೈಡ್ ಮಾಡ್ಕೊಂಡು ಬಂದು ಎಲ್ಲರಿಗೂ ವಿವರವಾಗಿ..."

"ಬೇಡ!" ಮಾರೆನ್ ಎದ್ದೇ ನಿಂತಳು. "ನೆಲಮಾಳಿಗೆ ಸಾಕು. ಬಾಯಿ ಬೇಡ."

* * *

ಶುಕ್ರವಾರದ ಕೊನೆಯ ಪೀರಿಯಡ್ಡಿಗೆ 'ಕ್ಲಾಸಿನ ಗಂಟೆ' ಎಂದು ಹೆಸರು. ಅದರಲ್ಲಿ ಪಾಠವಿಲ್ಲ. ಒಬ್ಬರು ಕೇಕ್ ತರುತ್ತಾರೆ, ಯಾರಿಗೆ ಏನು ತೊಂದರೆಯಿದ್ದರೂ ಅವತ್ತು ಹೇಳಬಹುದು, ಎಲ್ಲರೂ ಕೂಡಿ ಬಗೆಹರಿಸಬೇಕು. ಅವತ್ತು ಕೇಕಿನ ಸರದಿ ಸಿಲ್ಲೆಯದು. ಮೇಲೆ ಸುಟ್ಟ ಸಕ್ಕರೆ, ಕೊಬ್ಬರಿ ಹಾಕಿದ ಕೇಕು. ಬಾಯಿ ತುಂಬ ಕೇಕಿದ್ದಾಗಲೇ ಮಾತಾಡಿಬಿಡಬೇಕೆಂದು ಮಾರೆನ್ ಲೆಕ್ಕ ಹಾಕಿದ್ದಳು. ಆಗ ಯಾರೂ ನಡುವೆ ಬಾಯಿ ಹಾಕುವುದಿಲ್ಲ.

"ನಂಗೊಂದು ವಿಷ್ಯ ಹೇಳ್ಬೇಕು," ಎಂದು ಎದ್ದು ನಿಂತಳು. "ನಮ್ಮಪ್ಪ ಒಪ್ಪಿಗೆ ಕೊಡಲ್ಲ. ಈಗ ನಾನೂ ಕೊಡಲ್ಲ. ಈ ಟ್ಯಾಬಲ್ಲಿ ತೆಗೆದಿದ್ದೆಲ್ಲ ಆ ಕಂಪನಿ ಕಂಪ್ಯೂಟರಿಗೆ ಹೋಗುತ್ತೆ. ನಿಮ್ಮನೇಲಿ ಒತ್ತೋಕೆ ಮುಂಚೆ ನಿಮ್ಮನ್ನ ಕೇಳಿದ್ರಾ? ಕೇಳಿದವರು ಕೈ ಎತ್ತಿ."

ಯಾರೂ ಕೈ ಎತ್ತಲಿಲ್ಲ.

"ನಮ್ಮಮ್ಮ ಬಸ್ಸಿಗೆ ಕಾಯ್ತಾ ಒತ್ತಿದ್ಲು," ಎಂದಳು ಸಿಲ್ಲೆ.

ಮಲ್ತೆ ಕೇಕು ನುಂಗಿದ. "ನನ್ನ ಕೇಳಿದ್ರೂ ಹೌದು ಅಂತಿದ್ದೆ. ಅವರಿಗೆ ನನ್ನ ಮುಖ ಬೇಕಾ? ತಗೊಳ್ಲಿ. ಇಷ್ಟು ಚೆನ್ನಾಗಿರೋ ಮುಖ ಬೇರೆ ಎಲ್ಲಿ ಸಿಗುತ್ತೆ?"

ಎಲ್ಲರೂ ನಕ್ಕರು. ಮಾರೆನ್‌ಗೂ ನಗು ಬಂತು, ತಡೆದುಕೊಂಡಳು.

"ನೀನು ಹೌದು ಅನ್ನು. ನಂಗೇನೂ ಬೇಜಾರಿಲ್ಲ. ಆದ್ರೆ ನಾನು ಇಲ್ಲ ಅಂದಿದ್ದಕ್ಕೆ ನನ್ನ ಸಿನಿಮಾದಿಂದ ನನ್ನನ್ನೇ ಹೊರಗೆ ಹಾಕೋದು ಸರೀನಾ? ಬೇರೆ ಕ್ಯಾಮೆರಾ ಇದೆ. ಬೇರೆ ಕಂಪ್ಯೂಟರ್ ಇದೆ. ಮೊದಲಿಂದ ತೆಗೆಯೋಣ."

"ಮೊದಲಿಂದಾನಾ?" ಮಲ್ತೆ ಮೇಜಿನ ಮೇಲೆ ಬೋರಲು ಬಿದ್ದ. "ಆ ಚಳಿಯಲ್ಲಿ? ಮತ್ತೆ? ನಿಮ್ಮಪ್ಪನ ಗುಜರಿ ಕಂಪ್ಯೂಟರಲ್ಲಿ?"

ಯಾರೋ ಕಿಸಕ್ಕೆಂದರು. ಇನ್ಯಾರೋ ಇನ್ನೊಂದು ತುಂಡು ಕೇಕಿಗೆ ಕೈ ಚಾಚಿದರು. ಮಾರೆನ್‌ಗೆ ಇಷ್ಟೇ, ಮುಗಿಯಿತು ಎನ್ನಿಸಿತು. ಆದರೂ ಅವಳು ಕೂರಲಿಲ್ಲ.

ಆಗ ಸಿಲ್ಲೆ ಮೆತ್ತಗೆ ಕೇಳಿದಳು. "ಹೆನ್ನಿಂಗ್, ಮೊನ್ನೆ ನಾನು ಸೈಕಲ್ ಮೇಲಿಂದ ಬಿದ್ದಿದ್ನಲ್ಲ. ಮಲ್ತೆ ರೆಕಾರ್ಡ್ ಮಾಡ್ತಾನೇ ಇದ್ದ. ನಾನು ಅತ್ತಿದ್ದೆ. ಅಜ್ಜಿ ಪಾತ್ರೆ ಜಜ್ಜಿಹೋಯ್ತು, ಆ ಸಿಟ್ಟಲ್ಲಿ ಅಲ್ಲಿ ಇಲ್ಲದ ಅಜ್ಜಿಗೂ ಬೈದಿದ್ದೆ."

"ಅದನ್ನ ನಾನು ಅವತ್ತೇ ಅಳಿಸಿದ್ನಲ್ಲಮ್ಮ," ಎಂದ ಹೆನ್ನಿಂಗ್.

"ಟ್ಯಾಬಿಂದ ಅಳಿಸಿದೆ. ಆ ಕಂಪನಿ ಕಂಪ್ಯೂಟರಿಂದಾನೂ ಹೋಯ್ತಾ?"

ಹೆನ್ನಿಂಗ್ ಟ್ಯಾಬ್ ಕೈಗೆತ್ತಿಕೊಂಡ. ಇಲ್ಲಿ ಒತ್ತಿದ, ಅಲ್ಲಿ ಒತ್ತಿದ. ಕನ್ನಡಕ ಹಣೆಗೇರಿಸಿದ. ತರಗತಿಯಲ್ಲಿ ಜಗಿಯುವ ಸದ್ದು ನಿಂತಿತು.

"ಗೊತ್ತಿಲ್ಲ, ಸಿಲ್ಲೆ," ಎಂದ. "ನಿಜವಾಗ್ಲೂ ಗೊತ್ತಿಲ್ಲ. ಇವು ಪೆಟ್ಟಿಗೆಯಲ್ಲಿ ಬಂದ್ವು, ಹಂಚಿ ಅಂದ್ರು, ಹಂಚಿದೆ. ನನ್ನನ್ನೂ ಯಾರೂ ಕೇಳ್ಲಿಲ್ಲ." ಅವನ ಕಿವಿ ಕೆಂಪಾಗಿತ್ತು. "ಸೋಮವಾರ ಊರಾಡಳಿತಕ್ಕೆ ಫೋನ್ ಮಾಡಿ ಕೇಳ್ತೀನಿ. ಉತ್ತರ ಸಿಗೋವರೆಗೂ ಬಿಡಲ್ಲ. ಸಿನಿಮಾ ವಿಷ್ಯ ನಿಮ್ಮ ಗುಂಪೇ ತೀರ್ಮಾನ ಮಾಡ್ಲಿ."

"ನಾನು ಮಾರೆನ್ ಜೊತೆ," ಎಂದಳು ಸಿಲ್ಲೆ.

ಎಲ್ಲರೂ ಮಲ್ತೆಯ ಕಡೆ ತಿರುಗಿದರು. ಅವನು ತಲೆ ಎತ್ತದೆಯೇ ಕೇಳಿದ, "ಆ ಕ್ಯಾಮೆರಾದಲ್ಲಿ ಝೂಮ್ ಇದ್ಯಾ?"

"ಇದೆ. ಉದ್ದ ಲೆನ್ಸು."

"ಸರಿ ಹಾಗಾದ್ರೆ. ಆದ್ರೆ ಒಂದು ತಿಳ್ಕೋ. ನಾನು ಕಂಪನಿ ವಿರುದ್ಧ ಅಲ್ಲ. ನಾನು ಝೂಮ್ ಪರ."

* * *

ಶನಿವಾರ, ಭಾನುವಾರ ಎರಡೂ ದಿನ ಅವರು ಬಂದರಿನಲ್ಲಿ ನಡುಗುತ್ತಾ ಎಲ್ಲವನ್ನೂ ಹೊಸದಾಗಿ ತೆಗೆದರು. ಭಾನುವಾರ ಮಧ್ಯಾಹ್ನ ಆಲಿಕಲ್ಲು ಬಿತ್ತು. ಮಲ್ತೆ ತನ್ನ ಟೋಪಿಯನ್ನು ಕ್ಯಾಮೆರಾಕ್ಕೆ ಹಾಕಿ, ತಾನು ಬರಿತಲೆಯಲ್ಲಿ ನಿಂತು ಶೂಟ್ ಮಾಡಿದ.

ಆಮೇಲೆ ಮೂವರೂ ಮಾರೆನ್ ಮನೆಯ ನೆಲಮಾಳಿಗೆಗೆ ಇಳಿದರು. ಹಳೆಯ ಕಂಪ್ಯೂಟರು ಗುರ್ರೆಂದು ಫ್ಯಾನು ತಿರುಗಿಸುತ್ತಾ ಒಂದೊಂದೇ ದೃಶ್ಯವನ್ನು ತೆರೆಯಿತು.

"ಇದಕ್ಕಿಂತ ನಮ್ಮಜ್ಜ ಬೇಗ ಓಡ್ತಾನೆ," ಎಂದ ಮಲ್ತೆ. ಆದರೆ ಕುರ್ಚಿ ಬಿಟ್ಟುಕೊಡಲಿಲ್ಲ. ಎಲ್ಲಿ ಕತ್ತರಿಸಬೇಕು, ಎಲ್ಲಿ ಅಂಟಿಸಬೇಕು ಎಂಬುದು ಅವನಿಗೆ ಅಷ್ಟರಲ್ಲೇ ಕೈಗೆ ಹತ್ತಿತ್ತು.

ಅಪ್ಪ ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತಿದ್ದ. ಏನನ್ನೂ ಮುಟ್ಟಬಾರದು, ಕೇಳದೆ ಏನನ್ನೂ ಹೇಳಬಾರದು ಎಂಬ ಷರತ್ತಿನ ಮೇಲೆ ಅವನನ್ನು ಒಳಗೆ ಬಿಟ್ಟಿದ್ದರು. ಆಗಾಗ ಅವನ ಬಾಯಿ ತಾನಾಗಿ ತೆರೆಯುತ್ತಿತ್ತು. ಮಾರೆನ್ ತಿರುಗಿ ನೋಡಿದರೆ ಮುಚ್ಚುತ್ತಿತ್ತು.

ಸಿಲ್ಲೆ ಕಂಬಳಿ ಹೊದ್ದು, ಒದ್ದೆ ಕೂದಲು ಹಣೆಗೆ ಅಂಟಿಕೊಂಡು, ಕೆಂಪು ಮೂಗಿನಲ್ಲಿ ಪರದೆಯನ್ನೇ ನೋಡುತ್ತಿದ್ದಳು. ಮೂರು ತಲೆಗಳು ಒಂದು ಬೆಳಕಿನ ಸುತ್ತ. ಅಪ್ಪನಿಗೆ ತಡೆಯಲಾಗಲಿಲ್ಲ. ಜೇಬಿನಿಂದ ಫೋನು ತೆಗೆದು ಮೇಲೆತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು.

"ಒಂದು ಫೋಟೊ ತೆಗೀಲಾ?" ಎಂದು ಕೇಳಿದ. "ಹಳೇ ಕಂಪ್ಯೂಟರ್ ರಿಪೇರಿ ಮಾಡೋ ನನ್ನ ಗೆಳೆಯರಿಗೆ ತೋರಿಸೋಕೆ."

"ತೆಗಿ, ತೆಗಿ. ನನ್ನ ಈ ಕಡೆಯಿಂದ ತೆಗಿ," ಎಂದ ಮಲ್ತೆ.

ಮಾರೆನ್‌ಗೂ ಹೂಂ ಎನ್ನುವ ಆಸೆಯಾಗಿತ್ತು. ಬಾಯಿಗೆ ಬಂದೂ ಬಿಟ್ಟಿತ್ತು. ಆದರೆ ಅವಳು ಪಕ್ಕಕ್ಕೆ ನೋಡಿದಳು.

"ಸಿಲ್ಲೆನ ಕೇಳು," ಎಂದಳು.

"ಬೇಡ," ಎಂದಳು ಸಿಲ್ಲೆ.

ಎಷ್ಟು ಮೆಲ್ಲಗೆ ಅಂದಳೆಂದರೆ ಫ್ಯಾನಿನ ಸದ್ದಿನಲ್ಲಿ ಆ ಮಾತು ಅರ್ಧ ಮುಳುಗಿಹೋಯಿತು. ಯಾಕೆಂದು ಅವಳು ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ಅಪ್ಪ ಫೋನನ್ನು ಜೇಬಿಗಿಳಿಸಿ ಮತ್ತೆ ಬಕೆಟ್ಟಿನ ಮೇಲೆ ಕೂತ.

ಮಾರೆನ್ ಆ ಜೇಬನ್ನೇ ಒಂದು ಕ್ಷಣ ನೋಡಿದಳು. ಆಮೇಲೆ ತನ್ನ ಕುರ್ಚಿಯನ್ನು ಸ್ವಲ್ಪ ಆಚೆ ಸರಿಸಿ, ಸಿಲ್ಲೆಗೆ ಪರದೆ ಪೂರ್ತಿ ಕಾಣುವಂತೆ ಮಾಡಿದಳು.