ಅತ್ತೆಯ ಒಂದೂವರೆ ಟ್ರಿಕ್ಕು

ಏಣಿ ಫ್ರಿಡ್ಜಿಗೆ ಬೆನ್ನು ಕೊಟ್ಟು, ಮಂಡಿ ಬಗ್ಗಿಸಿ, ಹಲ್ಲು ಕಚ್ಚಿ ತಳ್ಳುತ್ತಿದ್ದಳು. ಫ್ರಿಡ್ಜು ಒಂದು ಗೇಣು ಹಿಂದೆ ಸರಿಯಿತು. ಒಳಗೆ ಏನೋ ದಬ್ಬೆಂದು ಉರುಳಿತು. ಬಾಗಿಲ ಸಂದಿಯಿಂದ ಹಾಲು ಇಳಿಯತೊಡಗಿತು.

"ಅಲ್ವೇ, ಆ ಫ್ರಿಡ್ಜು ನಿನಗೇನೇ ಅನ್ಯಾಯ ಮಾಡಿತ್ತು?" ಅಜ್ಜಿ ಕೇಳಿದರು.

"ಪ್ರಾಕ್ಟೀಸ್ ಅಜ್ಜಿ. ಪೋಸ್ಟ್ ಆಟ."

ಪೋಸ್ಟ್ ಎಂದರೆ ಬ್ಯಾಸ್ಕೆಟ್‌ಬಾಲಿನಲ್ಲಿ ಬುಟ್ಟಿಯ ಪಕ್ಕದ ಜಾಗ. ಅಲ್ಲಿ ಬುಟ್ಟಿಗೆ ಬೆನ್ನು ಹಾಕಿ ನಿಲ್ಲಬೇಕು. ಮೈಮೇಲೆ ಬೀಳುವ ಎದುರಾಳಿಯನ್ನು ಬೆನ್ನಲ್ಲೇ ತಡೆದು, ಬಾಲ್ ಹಿಡಿದು, ಗಬಕ್ಕನೆ ತಿರುಗಿ ಹಾಕಬೇಕು. ಅದು ಎತ್ತರದವರ ಕೆಲಸ. ಏಳನೇ ಕ್ಲಾಸಿಗೇ ಅಟ್ಟದ ಮೇಲಿನ ಡಬ್ಬಿಯನ್ನು ಸ್ಟೂಲಿಲ್ಲದೆ ಇಳಿಸುವವಳಿಗೆ ಬೀದಿಯವರೆಲ್ಲ ಏಣಿ ಎಂದೇ ಹೆಸರಿಟ್ಟಿದ್ದರು.

ಇಷ್ಟು ವರ್ಷ ಬೀದಿಯ ಹೆಂಗಸರ ಟೀಮಿನಲ್ಲಿ ಆ ಜಾಗ ಅತ್ತೆಯದಾಗಿತ್ತು. ಅತ್ತೆ ಎಂದರೆ ಅಪ್ಪನ ಅಕ್ಕ. ಲಾಂಡ್ರಿಯಲ್ಲಿ ಆಸ್ಪತ್ರೆಯ ಬೆಡ್‌ಶೀಟುಗಳಿಗೆ ಇಸ್ತ್ರಿ ಹಾಕುವುದು ಅವರ ಕೆಲಸ. ದಿನವಿಡೀ ನಿಂತು ನಿಂತು ಈಚೆಗೆ ಅವರ ಮಂಡಿ ಬನ್ನಿನ ಹಾಗೆ ಊದಿಕೊಳ್ಳುತ್ತಿತ್ತು. ಅದಕ್ಕೇ ಟೀಮಿನ ಮೇಷ್ಟ್ರು, ಭಾನುವಾರದ ಮ್ಯಾಚಿನಲ್ಲಿ ಮೊದಲು ಏಣಿ ಇಳಿಯಲಿ, ಚೆನ್ನಾಗಿ ಆಡಿದರೆ ಇನ್ನು ಮುಂದೆ ಆ ಜಾಗ ಅವಳದೇ ಎಂದಿದ್ದರು.

ಅಷ್ಟು ಸಾಕಾಯಿತು. ಏಣಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಾಯಿಯಂತೂ ಮೊದಲೇ ನಿಲ್ಲುತ್ತಿರಲಿಲ್ಲ. ಸ್ಕೂಲಿನಲ್ಲಿ ಊಟದ ಬೆಲ್ ಆದದ್ದೇ ತಡ, ಬೆಂಚಿನ ಮೇಲೆ ಕುಳಿತು ಟಿವಿಯವರ ಧಾಟಿಯಲ್ಲಿ ಶುರುಮಾಡಿದಳು. ತನ್ನ ಹತ್ತಿರ ಐದು ಟ್ರಿಕ್ಕುಗಳಿವೆಯಂತೆ, ಎಲ್ಲ ಮೊಬೈಲಿನಲ್ಲಿ ನೋಡಿ ಕಲಿತದ್ದಂತೆ. ಅತ್ತೆಯ ಹತ್ತಿರ ಇರುವುದು ಒಂದೂವರೆಯಂತೆ. ಬಲಕ್ಕೆ ತಿರುಗಿ ಹಾಕುವುದು ಒಂದು, ಎಡಕ್ಕೆ ತಿರುಗಲು ಹೋಗಿ ಮಂಡಿ ಹಿಡಿದುಕೊಳ್ಳುವುದು ಅರ್ಧ.

"ಅತ್ತೆ ಹಾರಿದ್ರೆ ಶೂ ಕೆಳಗೆ ಒಂದು ಪೇಪರ್ ತೂರಿಸ್ಬೋದು. ಅಷ್ಟೇ," ಎಂದಳು. ಗೆಳತಿಯರು ಬಿದ್ದು ಬಿದ್ದು ನಕ್ಕರು.

ಮಾತಿಗೆ ಕಾಲಿಲ್ಲದಿದ್ದರೂ ಮನೆ ಸೇರಿತು. ಸಂಜೆ ಅತ್ತೆ ಚಪ್ಪಲಿ ಬಿಚ್ಚುತ್ತಾ, "ಪೇಪರ್ ಸಾಕಾಗಲ್ಲ ಕಣೇ, ಈಗೀಗ ರಟ್ಟೂ ತೂರತ್ತೆ," ಎಂದರು. ಅವರ ಮುಖದಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಏಣಿಗೆ.

ಭಾನುವಾರ ಬಂತು. ಕಾಂಪೌಂಡಿನ ಮೇಲೆ ಗೆಳತಿಯರು ಕಾಲು ಇಳಿಬಿಟ್ಟು ಕುಳಿತಿದ್ದರು. ಎದುರು ಟೀಮಿನಿಂದ ಏಣಿಯ ಬೆನ್ನಿಗೆ ಬಂದು ನಿಂತವರು ಬೇಕರಿ ನಡೆಸುವ ಅಕ್ಕ. ಏಣಿಯ ಕಿವಿಯಷ್ಟೇ ಎತ್ತರ. ಅಯ್ಯೋ ಪಾಪ, ಇವರಿಗೆ ಯಾವ ಟ್ರಿಕ್ಕು ತೋರಿಸಲಿ ಎಂದು ಏಣಿ ಯೋಚಿಸಿದಳು. ಕೊನೆಗೆ ಎಲ್ಲವನ್ನೂ ತೋರಿಸುವುದೆಂದು ನಿರ್ಧರಿಸಿದಳು.

ಬಾಲ್ ಬಂತು. ಏಣಿ ಎಡಕ್ಕೆ ತಿರುಗಿದ ಹಾಗೆ ಮಾಡಿದಳು. ಬಲಕ್ಕೆ ತಿರುಗಿದ ಹಾಗೆ ಮಾಡಿದಳು. ಹಾರಿದ ಹಾಗೆ ಮಾಡಿದಳು. ಮತ್ತೆ ಎಡಕ್ಕೆ. ಬೇಕರಿ ಅಕ್ಕ ಒಲೆಯ ಮುಂದೆ ಕಾಯುವವರಂತೆ ಸುಮ್ಮನೆ ನಿಂತಿದ್ದರು. ಐದನೇ ಟ್ರಿಕ್ಕು ಮುಗಿಯುವ ಹೊತ್ತಿಗೆ ಏಣಿ ಎಲ್ಲರಿಗೂ ಮೋಸ ಮಾಡಿ, ತನಗೂ ಮೋಸ ಮಾಡಿಕೊಂಡು, ಬುಟ್ಟಿ ಯಾವ ಕಡೆ ಇದೆ ಎಂಬುದನ್ನೇ ಮರೆತಿದ್ದಳು.

ವಿಷಲ್ ಕೂಗಿತು. ಬುಟ್ಟಿಯ ಕೆಳಗೆ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಬಾಲ್ ಎದುರಿನವರಿಗೆ ಹೋಯಿತು.

ಮುಂದಿನ ಸಲವೂ ಹಾಗೆಯೇ ಆಯಿತು. ಆಮೇಲೆ ಬಾಲ್ ಬರುವುದೇ ನಿಂತಿತು, ಯಾಕೆಂದರೆ ಬೇಕರಿ ಅಕ್ಕ ಸುತ್ತಿಕೊಂಡು ಅವಳ ಮುಂದೆಯೇ ಬಂದು ನಿಂತರು. ಫ್ರಿಡ್ಜು ಯಾವತ್ತೂ ಹೀಗೆ ಮಾಡಿರಲಿಲ್ಲ.

ಅರ್ಧ ಆಟ ಮುಗಿದಾಗ ಮೇಷ್ಟ್ರು ಅತ್ತೆಯ ಕಡೆ ನೋಡಿದರು. ಅತ್ತೆ ಮಂಡಿಗೆ ಪಟ್ಟಿ ಎಳೆದುಕೊಂಡು ಎದ್ದರು.

ಏಣಿ ಬೆಂಚಿನಲ್ಲಿ ಕುಳಿತಳು. ಅತ್ತೆಯೂ ಬಾಲ್ ಕಳೆದುಕೊಳ್ಳಲಿ ಎಂದು ಅವಳ ಮನಸ್ಸು ಒಳಗೊಳಗೇ ಬೇಡಿಕೊಂಡಿತು. ಛೀ ಅನ್ನಿಸಿತು. ಆದರೂ ಬೇಡಿಕೊಂಡಿತು.

ಅತ್ತೆ ಹಾರಲಿಲ್ಲ. ಬಾಲ್ ಬರುವ ಮೊದಲೇ ಕಾಲು ಅಗಲಿಸಿ, ಕಾಣದ ಮಣೆಯೊಂದರ ಮೇಲೆ ಕುಳಿತವರಂತೆ ತಗ್ಗಿದರು. ಬೇಕರಿ ಅಕ್ಕ ಈ ಕಡೆಯಿಂದ ಮುಂದೆ ಬರಲು ನೋಡಿದರೆ ಅತ್ತೆಯ ಬೆನ್ನು ಅಲ್ಲಿರುತ್ತಿತ್ತು, ಆ ಕಡೆಯಿಂದ ನೋಡಿದರೆ ಆ ಕಡೆಯೂ ಇರುತ್ತಿತ್ತು. ಬಾಲ್ ಕೈಗೆ ಬಂದಾಗ ಇನ್ನೊಬ್ಬಳು ಎದುರಾಳಿಯೂ ಓಡಿ ಬಂದಳು. ಅತ್ತೆ ಬುಟ್ಟಿಯ ಕಡೆ ತಿರುಗಲೇ ಇಲ್ಲ. ಮೂಲೆಯಲ್ಲಿ ಒಬ್ಬರೇ ನಿಂತಿದ್ದ ತಮ್ಮ ಟೀಮಿನ ಮೆಡಿಕಲ್ ಶಾಪಿನ ಅಕ್ಕನಿಗೆ ಎಸೆದರು. ಅವರು ಹಾಕಿದ ಬಾಲ್ ಬುಟ್ಟಿಗೆ ಬಿತ್ತು.

ಮತ್ತೆ ಅದೇ. ಮೂಲೆಗೆ ಎಸೆತ, ಬುಟ್ಟಿ. ಒಬ್ಬರೇ ಬಂದಾಗ ಮಾತ್ರ ಅತ್ತೆ ಬಲಕ್ಕೆ ತಿರುಗಿ ಹಾಕಿದರು. ಸ್ಕೂಲಿನಲ್ಲಿ ಏಣಿ ಲೆಕ್ಕ ಹಾಕಿದ್ದು ಅದೊಂದನ್ನೇ. ಅದರ ಹಿಂದೆ ಮುಂದೆ ನಡೆಯುತ್ತಿದ್ದುದನ್ನು ಅವಳು ನೋಡಿಯೇ ಇರಲಿಲ್ಲ.

ಆಟ ಮುಗಿಯಲು ಸ್ವಲ್ಪ ಹೊತ್ತಿದೆ ಎನ್ನುವಾಗ ಮಂಡಿ ಕೈಕೊಟ್ಟಿತು. ಆಗ ಎರಡು ಟೀಮೂ ಸಮಸಮ. ಅತ್ತೆ ಕುಂಟುತ್ತಾ ಹೊರಗೆ ಬಂದರು. ಏಣಿಯ ಭುಜ ಹಿಡಿದು, "ಆಟ ಆಮೇಲಾಡು. ಮೊದ್ಲು ತಗ್ಗು," ಎಂದರು.

ಏಣಿ ತಗ್ಗಿದಳು. ಇಷ್ಟು ಉದ್ದದ ಮೈಯನ್ನು ಮಡಚುವುದು ಸುಲಭವಲ್ಲ, ಒಂಟೆ ಕೂತಂತೆ ಕಂಡಿರಬೇಕು. ಬಾಲ್ ಬಂತು. ಇಬ್ಬರು ಓಡಿ ಬಂದರು. ಐದು ಟ್ರಿಕ್ಕುಗಳೂ ತಾ ಮುಂದು ನಾ ಮುಂದು ಎಂದು ನೂಕಾಡಿದವು. ಏಣಿ ಮೂಲೆಗೆ ಎಸೆದಳು. ಮೆಡಿಕಲ್ ಶಾಪಿನ ಅಕ್ಕ ಹಾಕಿದ ಬಾಲ್ ರಿಂಗಿನ ಮೇಲೆ ಸುತ್ತಿ ಸುತ್ತಿ, ಹೊರಗೇ ಬಿತ್ತು. ಎದುರಿನವರು ಅದನ್ನು ಎತ್ತಿಕೊಂಡು ಓಡಿ ಬುಟ್ಟಿಗೆ ಹಾಕಿದರು. ಮ್ಯಾಚು ಹೋಯಿತು.

ಗೆಳತಿಯರು ಕಾಂಪೌಂಡಿನಿಂದ ಧುಮುಕಿ ಬಂದರು. "ಒಂದೂ ಹಾಕ್ಲಿಲ್ವಲ್ಲೇ ನೀನು."

"ಇಲ್ಲ," ಎಂದಳು ಏಣಿ. ಅವರನ್ನು ದಾಟಿ ಬೆಂಚಿನ ಕಡೆ ನಡೆದಳು.

ಅತ್ತೆ ಬೆಂಚಿನಲ್ಲಿ ಮಂಡಿಗೆ ಐಸ್ ಒತ್ತಿಕೊಂಡು, ಬೇಕರಿ ಅಕ್ಕನ ಜೊತೆ ಏನೋ ಹೇಳಿ ನಗುತ್ತಿದ್ದರು. ಏಣಿ ಹತ್ತಿರ ಹೋಗಿ ನಿಂತಳು. ಪೇಪರ್ ವಿಷಯಕ್ಕೆ ಸಾರಿ ಕೇಳಬೇಕೆಂದಿದ್ದಳು. ಬಾಯಿಂದ ಬಂದದ್ದು ಬೇರೆ.

"ಅತ್ತೆ, ನೋಡದೇನೇ ಅವ್ರು ಯಾವ ಕಡೆಯಿಂದ ಬರ್ತಾರೆ ಅಂತ ನಿಂಗೆ ಹೇಗೆ ಗೊತ್ತಾಗತ್ತೆ?"

"ಕೂತ್ಕೋ. ನನ್ನ ಬೆನ್ನಿಗೆ ಬೆನ್ನು ಕೊಡು. ಈಗ ತಳ್ಳು."

ಏಣಿ ಮೆಲ್ಲಗೆ ತಳ್ಳಿದಳು. ಜೋರಾಗಿ ತಳ್ಳಿದಳು. ಎಡಕ್ಕೆ ತಳ್ಳೋಣ ಎಂದುಕೊಳ್ಳುವುದಷ್ಟೇ, ಅತ್ತೆಯ ಬೆನ್ನು ಆಗಲೇ ಎಡಕ್ಕೆ ಬಂದಿರುತ್ತಿತ್ತು. ಕೊನೆಗೆ ಕಣ್ಣುಮುಚ್ಚಿ ಇದ್ದ ಬಲವೆಲ್ಲ ಹಾಕಿದಳು. ಬೆನ್ನು ಸಟ್ಟನೆ ಮಾಯವಾಯಿತು. ಏಣಿ ಬೆಂಚಿನ ಮೇಲೆ ಅಂಗಾತ ಬಿದ್ದಳು.

ಗೆಳತಿಯರು ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ಬಿದ್ದವಳೇ.

ಅವಳು ಎದ್ದು ಕುಳಿತು, ಮತ್ತೆ ಅತ್ತೆಯ ಬೆನ್ನಿಗೆ ಬೆನ್ನು ತಾಗಿಸಿದಳು. ಈ ಸಲ ತಳ್ಳಲಿಲ್ಲ. ಸುಮ್ಮನೆ ಒರಗಿ, ಅದು ಯಾವ ಕಡೆ ಹೊರಳುತ್ತದೋ ಎಂದು ಕಾಯುತ್ತಾ ಕುಳಿತಳು.