ಕೆಂಗಣ್ಣನ ಶಾಪ ಮುರಿದ ರೆಜಿನಾ

ಬಹಳ ಹಿಂದೆ, ಮೃಗಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಹೊನ್ನಹೊಳೆ ಎಂಬ ರಾಜ್ಯವಿತ್ತು. ಅಲ್ಲಿ ರೆಜಿನಾ ಎಂಬ ಕಮ್ಮಾರರ ಹುಡುಗಿ ಇದ್ದಳು. ಕುಲುಮೆಗಿಂತ ಅವಳ ನಾಲಿಗೆಯೇ ಬಿಸಿ ಎಂದು ಊರವರು ನಗುತ್ತಿದ್ದರು. ಅಣ್ಣ ಇನ್ನಾಸಿ ತಿದಿ ಒತ್ತುವುದು ತುಸು ನಿಧಾನವಾದರೂ ಸಾಕು, ಸಿಡಿದು ಬೀಳುತ್ತಿದ್ದಳು.

ಒಂದು ದಿನ ಅವಳು ಇದ್ದಿಲು ತರಲು ಕಾಡಿಗೆ ಹೋಗಿದ್ದಾಗ, ಕೆಂಗಣ್ಣನೆಂಬ ಮಾಂತ್ರಿಕ ಹೊಳೆಯಾಚೆಯ ಕರಿಬೆಟ್ಟದ ಮೇಲೆ ನಿಂತು ಮಂತ್ರದಂಡ ಎತ್ತಿದ. "ಈ ನೆಲದಲ್ಲಿ ಸಿಟ್ಟಾದವರೆಲ್ಲ ಮೃಗವಾಗಲಿ! ರಾಜ್ಯ ನನ್ನದಾಗಲಿ!"

ಅಡುಗೆಯವನ ಮೇಲೆ ರೇಗುತ್ತಿದ್ದ ರಾಜ ಕರಡಿಯಾದ. ಮಂತ್ರಿ ಕತ್ತೆಯಾದ. ಸಂತೆಯಲ್ಲಿ ಜಗಳವಾಡುತ್ತಿದ್ದವರೆಲ್ಲ ಕೋಳಿ ಕೋಣಗಳಾದರು.

ರೆಜಿನಾ ಮನೆಗೆ ಬಂದಾಗ ಕುಲುಮೆ ಆರಿತ್ತು. ಅಜ್ಜಿ ಕತ್ರಿನಮ್ಮ ಹೊಸಿಲ ಮೇಲೆ ಕೂತಿದ್ದಳು.

"ಅಣ್ಣ ಎಲ್ಲಿ ಅಜ್ಜಿ?"

"'ಇನ್ನೆಷ್ಟು ಬೈಸಿಕೊಳ್ಳಲಿ ಇವಳ ಕೈಲಿ' ಅಂತ ಒಂದೇ ಸಲ ಸಿಟ್ಟಾದ ಕಣೇ. ಕೆಂಗಣ್ಣನ ಶಾಪ ತಟ್ಟಿ ಟಗರಾಗಿಬಿಟ್ಟ. ಆ ಮಾಂತ್ರಿಕ ಅವನನ್ನು ಕರಿಬೆಟ್ಟಕ್ಕೆ ಹೊಡೆದುಕೊಂಡು ಹೋದ."

ರೆಜಿನಾ ಅಜ್ಜಿಯ ಪಕ್ಕದಲ್ಲಿ ಕೂತಳು. "ತಪ್ಪು ನನ್ನದು. ನಾನೇ ಬಿಡಿಸಿಕೊಂಡು ಬರಬೇಕು. ಆದರೆ ನನಗೆಲ್ಲಿದೆ ತಾಳ್ಮೆ? ಹೊಳೆ ದಾಟುವಷ್ಟರಲ್ಲಿ ನಾನೇ ಹುಲಿಯಾಗಿರುತ್ತೇನೆ."

"ನಿನ್ನಲ್ಲಿ ಇಲ್ಲ, ನಿಜ. ದೇವರಿಗೆ ನೀನು ಎಷ್ಟು ಸಲ ಬೆನ್ನು ತಿರುಗಿಸಿದ್ದೀ? ಆತ ಒಂದು ಸಲವಾದರೂ ಬಾಗಿಲು ಹಾಕಿಕೊಂಡನೇ?"

"ಇಲ್ಲ."

"ಆ ತಾಳ್ಮೆಯಲ್ಲೇ ಒಂದು ಹಿಡಿ ಕೇಳಿಕೋ. ಅವನು ಕೊಡುತ್ತಾನೆ."

ಜನರನ್ನು ಬೆನ್ನ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸುತ್ತಿದ್ದದ್ದು ಒಂದು ಮುದಿ ಆಮೆ. ನಡುನೀರಿನಲ್ಲಿ ನಿಂತು, "ಅಯ್ಯೋ, ಹೆಂಡತಿಗೆ ಹೇಳಿ ಬರಲಿಲ್ಲವಲ್ಲ" ಎಂದು ಅದು ಹಿಂದಿರುಗಿತು. ಮತ್ತೆ ಹೊರಟಿತು, ಈ ಸಲ ನಡುನೀರಿನಲ್ಲೇ ನಿದ್ದೆಹೋಯಿತು. ರೆಜಿನಾಳ ಎದೆ ಕುದಿಯಿತು. "ಸ್ವಾಮೀ, ನನ್ನನ್ನು ತಾಳಿಕೊಂಡೆಯಲ್ಲ, ಇದನ್ನು ತಾಳಿಕೊಳ್ಳಲು ಕಲಿಸು" ಎಂದಳು. ಆಮೆ ಎಚ್ಚೆತ್ತು ದಡ ಮುಟ್ಟಿಸಿತು.

ಬೆಟ್ಟದ ದಾರಿಯಲ್ಲಿ ಒಂದು ಮೈನಾ ಹಿಂದೆಯೇ ಹಾರಿ ಬಂತು. "ಹುಟ್ಟುತ್ತಲೇ ತಾಯಿಯನ್ನು ನುಂಗಿದವಳು! ಅಣ್ಣನನ್ನೂ ನುಂಗಿದವಳು!" ರೆಜಿನಾಳ ಉಗುರುಗಳು ಬಾಗಿ ಪಂಜವಾಗತೊಡಗಿದವು. ಅವಳು ನಿಂತು ಕಣ್ಣು ಮುಚ್ಚಿದಳು. "ಸ್ವಾಮೀ, ಶಿಲುಬೆಗೇರಿಸುವ ಮುನ್ನ ನಿನ್ನ ಮುಖಕ್ಕೆ ಉಗಿದವರನ್ನೂ ನೀನು ಶಪಿಸಲಿಲ್ಲ. ನನ್ನ ಬಾಯಿಯನ್ನು ಕಾಯು." ಪಂಜ ಮತ್ತೆ ಬೆರಳಾಯಿತು.

ತುದಿಯಲ್ಲಿ ಕೆಂಗಣ್ಣ ನಿಂತಿದ್ದ. ಅವನು ನಕ್ಕು, ಕಟ್ಟಿಹಾಕಿದ್ದ ಟಗರಿಗೆ ದಂಡದಿಂದ ಬಾರಿಸಿದ. ಎರಡನೆಯ ಏಟು ಬೀಳುವ ಮೊದಲೇ ರೆಜಿನಾ ನಡುವೆ ನುಗ್ಗಿದಳು. ಏಟು ಅವಳ ಭುಜಕ್ಕೆ ಬಿತ್ತು. ದಿನವೂ ಕುಲುಮೆಯಲ್ಲಿ ಸುತ್ತಿಗೆ ಎತ್ತಿ ಪಳಗಿದ ಕೈ ಅವಳದು. ದಂಡವನ್ನು ಬಿಗಿಯಾಗಿ ಹಿಡಿದುಕೊಂಡಳು.

"ಬಿಡೇ! ನಿನಗೆ ಸಿಟ್ಟು ಬರುವುದಿಲ್ಲವೇನೇ?"

"ಬರುತ್ತದೆ. ಆದರೆ ಅದರ ಕೈಗೆ ನನ್ನನ್ನು ಕೊಡುವುದಿಲ್ಲ. ನನ್ನಣ್ಣನನ್ನು ಹೊಡೆಯಲು ನಿನ್ನನ್ನೂ ಬಿಡುವುದಿಲ್ಲ."

ಕೆಂಗಣ್ಣ ಎಳೆದ, ಒದ್ದ, ಕೊನೆಗೆ ರೋಷದಿಂದ ಕಿರುಚಿದ. ಅವನ ಕಾಲೂ ಅದೇ ನೆಲದ ಮೇಲಿತ್ತು. ಕಿರುಚಾಟ ಘುರ್‌ಘುರ್ ಆಯಿತು, ಅವನು ಕಾಡುಹಂದಿಯಾದ.

ಮೈನಾ ಕೂಗಿತು: "ದಂಡ ಮುರಿದರೆ ಎಲ್ಲರೂ ಮನುಷ್ಯರಾಗುತ್ತಾರೆ, ಅವನೂ! ಮೊದಲು ಹಂದಿಯನ್ನು ಕೊಲ್ಲು!"

ನಡುಗುತ್ತಿದ್ದ ಹಂದಿಯನ್ನು ರೆಜಿನಾ ನೋಡಿದಳು. "ನಾನು ತಿದ್ದಿಕೊಳ್ಳಲಿ ಅಂತ ದೇವರು ಇಷ್ಟು ದಿನ ಕಾದ. ಇವನಿಗೂ ಕಾಯುತ್ತಿರಬಹುದು" ಎಂದು ದಂಡವನ್ನು ಮೊಣಕಾಲಿಗೆ ಕೊಟ್ಟು ಮುರಿದಳು.

ಇನ್ನಾಸಿ ಎದ್ದು ನಿಂತ. "ಕ್ಷಮಿಸಣ್ಣಾ" ಎಂದು ರೆಜಿನಾ ಅವನನ್ನು ತಬ್ಬಿಕೊಂಡಳು. ಕೆಂಗಣ್ಣ ತನ್ನ ಕೈಬೆರಳುಗಳನ್ನು ನೋಡುತ್ತಾ ಬಿಕ್ಕಿ ಬಿಕ್ಕಿ ಅತ್ತ.

ಮೂವರೂ ಊರಿಗೆ ಬಂದಾಗ, ಮತ್ತೆ ಮನುಷ್ಯನಾಗಿದ್ದ ರಾಜ ಕೆಂಗಣ್ಣನನ್ನು ಕಂಡು, "ಇವನನ್ನು ಗಲ್ಲಿಗೇರಿಸಿ!" ಎಂದು ಅಬ್ಬರಿಸಿದ.

"ಬುದ್ಧೀ, ತಾವು ಕರಡಿಯಾದದ್ದು ಯಾಕೆ ಅಂತ ಒಂದು ಸಲ ನೆನೆಸಿಕೊಳ್ಳಿ" ಎಂದಳು ರೆಜಿನಾ.

ರಾಜ ಮೀಸೆ ತಡವಿಕೊಂಡು ಗಹಗಹಿಸಿ ನಕ್ಕ. ಕೆಂಗಣ್ಣನಿಗೆ ಹೊಳೆಗೆ ಸೇತುವೆ ಕಟ್ಟುವ ಕೆಲಸ ಸಿಕ್ಕಿತು. ಗುಡಿಯ ಗಂಟೆಗಳು ಮೊಳಗಿದವು. ಜನ ರೆಜಿನಾಳನ್ನು ಹೆಗಲ ಮೇಲೆ ಹೊತ್ತು ಕುಣಿದರು. ಹೊನ್ನಹೊಳೆಯಲ್ಲಿ ಆಮೇಲೂ ಜನರಿಗೆ ಸಿಟ್ಟು ಬಂತು, ಹೋಯಿತು. ಪ್ರೀತಿ ಮಾತ್ರ ಉಳಿಯಿತು, ಎಲ್ಲರೂ ಹಾಯಾಗಿ ಬಾಳಿದರು.